ಮಸಿ ತೇಯುವ ಹೊತ್ತು

ಪ್ರೀತಿಯ ತಮ್ಮಾ,

ನಿನ್ನ ಕಾಗದ ಬಂತು. ಬರೆಯಲು ಕೂತ ಮೊದಲ ಅರ್ಧ ಗಂಟೆ ಏನೂ ಹೊಳೆಯುವುದಿಲ್ಲ, ಸುಮ್ನೆ ಹೊತ್ತು ಹಾಳು ಎಂದು ಗೋಳಾಡಿದ್ದೀಯ.

ನನ್ನ ಮೇಜಿನ ಮೇಲೆ ಜಪಾನಿನ ಮಸಿಕಲ್ಲೊಂದಿದೆ, ಗಟ್ಟಿ ಮಸಿಕಡ್ಡಿಯನ್ನು ನೀರಲ್ಲಿ ತೇಯ್ದು ಬರೆಯುವ ಮಸಿ ಮಾಡಿಕೊಳ್ಳುವ ಕಲ್ಲು. ಕಲ್ಲಿಗೆ ಅವರು ಸುಝುರಿ ಅನ್ನುತ್ತಾರೆ, ಮಸಿಕಡ್ಡಿಗೆ ಸುಮಿ. ನಾರಾ ಊರಿನ ಸುಮಿಗೆ ದೊಡ್ಡ ಹೆಸರು. ಅಲ್ಲಿ 1577ರಲ್ಲಿ ಶುರುವಾದ ಕೋಬಾಯೆನ್ ಎಂಬ ಸುಮಿ ಅಂಗಡಿ ಇವತ್ತಿಗೂ ಎಣ್ಣೆದೀಪದ ಮೇಲೆ ಮಣ್ಣಿನ ಮುಚ್ಚಳ ಹಿಡಿದು ಮಸಿ ಕೂಡಿಸುತ್ತದೆ. ನಮ್ಮಜ್ಜಿ ಹರಳೆಣ್ಣೆ ದೀಪಕ್ಕೆ ತಟ್ಟೆ ಬೋರಲು ಹಾಕಿ ಕಾಡಿಗೆ ತೆಗೆಯುತ್ತಿದ್ದರಲ್ಲ, ಹಾಗೇ. ಆ ಮಸಿಗೆ ಪ್ರಾಣಿಗಳ ತೊಗಲಿನ ಅಂಟು ಬೆರೆಸಿ ನಾದಿ, ಅಚ್ಚಿಗೆ ಹಾಕಿ ಒಣಗಿಸುತ್ತಾರೆ. ಸೆಕೆಗೆ ಅಂಟು ಕೆಡುತ್ತದೆ, ಅದಕ್ಕೇ ಇದು ಚಳಿಗಾಲದ ಕೆಲಸ.

ಕಲ್ಲಿನ ಸಮತಟ್ಟು ಭಾಗ ಅವರ ಮಾತಲ್ಲಿ ನೆಲ, ತಗ್ಗು ಭಾಗ ಕಡಲು. ನೆಲದ ಮೇಲೆ ನಾಲ್ಕು ಹನಿ ನೀರು ಹಾಕಿ, ಕಡ್ಡಿಯನ್ನು ಮೆಲ್ಲಗೆ ಸುತ್ತಿಸಬೇಕು. ಗಂಧ ತೇಯುವ ಹಾಗೆ ಒತ್ತಬಾರದು, ಒತ್ತಿದರೆ ಮಸಿ ತರಿತರಿ. ಮೊದಲು ಬೂದುಬಣ್ಣದ ನೀರು. ಆಮೇಲೆ ಎಣ್ಣೆಯ ಹಾಗೆ ಮಂದವಾಗಿ, ಕಡ್ಡಿ ಹೋದ ದಾರಿ ಒಂದು ಗಳಿಗೆ ಹಾಗೇ ಕಾಣುತ್ತದೆ. ಅಷ್ಟರಲ್ಲಿ ಉಸಿರೂ ತಾನಾಗೇ ನಿಧಾನವಾಗಿರುತ್ತದೆ.

ಅವರಲ್ಲೊಂದು ಗಾದೆಯಿದೆ: ಮಸಿಯನ್ನು ಹಸಿದ ಪ್ರೇತದ ಕೈಲಿ ತೇಯಿಸು, ಕುಂಚವನ್ನು ರಾಕ್ಷಸನ ಕೈಗೆ ಕೊಡು. ಅಂದರೆ ತೇಯುವಾಗ ಕೈ ಹಗುರ, ಬರೆಯುವಾಗ ಬಲ. ನೀನು ತೇಯುವುದಕ್ಕೂ ರಾಕ್ಷಸನನ್ನೇ ಕೂರಿಸುತ್ತಿದ್ದೀಯ ಅಲ್ವಾ? ಆ ಅರ್ಧ ಗಂಟೆ ಹೊಸ ಸಾಲಿಗೆ ಜಗ್ಗಾಡಬೇಡ. ನಿನ್ನೆಯ ಕೊನೆಯ ಪುಟವನ್ನು ಕೈಯಲ್ಲಿ ನಕಲು ಮಾಡು. ಒಂದು ಪದ ಹೊಡೆದುಹಾಕು. ಬೇಕಾದರೆ ಮತ್ತೆ ಅದನ್ನೇ ಬರೆ.

ಸೀಸೆಯಲ್ಲಿ ತಯಾರು ಮಸಿಯೂ ಸಿಗುತ್ತದೆ. ಜಪಾನಿನ ಶಾಲೆ ಮಕ್ಕಳು ಜಾಸ್ತಿ ಬಳಸುವುದು ಅದನ್ನೇ. ತಪ್ಪೇನಿಲ್ಲ. ಸಂಪಾದಕರು ಬಾಗಿಲಲ್ಲಿ ನಿಂತ ದಿನ ನಾನೂ ಸೀಸೆಯವನೇ.

ಒಂದು ಸಲ ಫೋನ್ ಬಂತೆಂದು ಕಡ್ಡಿಯನ್ನು ಕಲ್ಲಿನ ಮೇಲೇ ಬಿಟ್ಟು ಎದ್ದೆ. ಹರಟೆ ಮುಗಿಸಿ ಬರುವಷ್ಟರಲ್ಲಿ ಅಂಟಿಕೊಂಡಿತ್ತು. ಎಳೆದೆ, ಕಲ್ಲಿನ ಚಕ್ಕೆಯೇ ಎದ್ದು ಬಂತು. ಆ ಗುಳಿ ಈಗಲೂ ಇದೆ. ಎದ್ದುಹೋಗುವುದಾದರೆ ಕಡ್ಡಿಯ ತುದಿ ಒರೆಸಿಟ್ಟು ಹೋಗು. ಉಳಿದ ಮಸಿಯನ್ನು ನಾಳೆಗೆ ಇಡಬೇಡ, ಅಂಟು ಕೊಳೆತು ನಾರುತ್ತದೆ.

ಇವತ್ತು ಕಲ್ಲು ತೊಳೆಯುವ ಮೊದಲು ನಿನ್ನ ವಿಳಾಸಕ್ಕೆ ಸಾಕಾಗುವಷ್ಟು ಉಳಿದಿದೆ. ಲಕೋಟೆಯ ಮೇಲೆ ಅಕ್ಷರ ಸ್ವಲ್ಪ ದಪ್ಪಗೆ ಕಂಡರೆ ಪೋಸ್ಟ್‌ಮ್ಯಾನ್ ಹತ್ತಿರ ನೀನೇ ಸಮಾಧಾನ ಹೇಳು.

ನಿನ್ನ,
ಅಣ್ಣ