ಬೆಟ್ಟ ಬಿಟ್ಟು ಹೊರಟಿರುವ ನಮ್ಮ ಡಾಕ್ಟರಮ್ಮನಿಗೆ

ಬಿಳಿಗಿರಿರಂಗನ ಬೆಟ್ಟದಲ್ಲಿ ಕೋವಿಡ್ ಕಾಲದುದ್ದಕ್ಕೂ ನಮ್ಮ ಸೋಲಿಗ ಬುಡಕಟ್ಟಿನ ಪೋಡುಗಳ, ಅಂದರೆ ಹಾಡಿಗಳ, ಆರೋಗ್ಯ ನೋಡಿಕೊಂಡ ವೈದ್ಯೆಯೊಬ್ಬರು ಈ ತಿಂಗಳ ಕೊನೆಗೆ ಉನ್ನತ ವ್ಯಾಸಂಗಕ್ಕೆಂದು ಹೊರಡುತ್ತಿದ್ದಾರೆ. ಹಾರ, ಶಾಲು, ಸನ್ಮಾನ ಯಾವುದೂ ಬೇಡವೆಂದೂ, ಎಲ್ಲಿಯೂ ತಮ್ಮ ಹೆಸರು ಬರೆಯಬಾರದೆಂದೂ ಅವರು ಕೇಳಿಕೊಂಡಿದ್ದಾರೆ. ಆ ಮಾತಿಗೆ ಕಟ್ಟುಬಿದ್ದು, ಪೋಡಿನ ಎಲ್ಲರ ಪರವಾಗಿ, ಅದಕ್ಕಿಂತ ಮೊದಲು ನನ್ನ ಅವ್ವನ ಮಗನಾಗಿ, ಈ ಕೃತಜ್ಞತೆಯನ್ನು ಬರೆಯುತ್ತಿದ್ದೇನೆ.

2020ರಲ್ಲಿ ದಾರಿಗೆ ಬಿದಿರು ಅಡ್ಡ ಕಟ್ಟಿ ನಾವು ಹೇಗೋ ಪಾರಾಗಿದ್ದೆವು. ಮರುವರ್ಷ ಏಪ್ರಿಲ್ 27ರಂದು ಜನತಾ ಕರ್ಫ್ಯೂ ಜಾರಿಯಾಗಿ, ಕಾಫಿ ತೋಟಗಳಿಗೂ ಪೇಟೆಗಳಿಗೂ ಕೂಲಿಗೆ ಹೋಗಿದ್ದ ಹುಡುಗರು ಊರಿಗೆ ಮರಳಿದಾಗ ಅವರ ಜೊತೆಯಲ್ಲೇ ಜ್ವರವೂ ಬಂತು. ಲಸಿಕೆ ಹಾಕಿಸಿಕೊಂಡವರು ಎರಡು ವರ್ಷದೊಳಗೆ ಸಾಯುತ್ತಾರೆ ಎಂಬ ಸುಳ್ಳು ಸುದ್ದಿಯೂ ಮೊಬೈಲುಗಳಲ್ಲಿ ಬಂತು. ಆರೋಗ್ಯ ಇಲಾಖೆಯ ಜೀಪಿನ ಸದ್ದು ಕೇಳಿದರೆ ನಮ್ಮ ಹಿರಿಯರು ಕಾಡಿಗೆ ಹೋಗಿಬಿಡುತ್ತಿದ್ದರು. ಅದನ್ನು ಬರಿಯ ಅಜ್ಞಾನವೆಂದವರಿಗೆ ನಾನು ಹೇಳುವುದಿಷ್ಟೆ: 1974ರಲ್ಲಿ ಈ ಕಾಡು ಅಭಯಾರಣ್ಯವಾದ ಮೇಲೆ ಒಳಗಿನ ಪೋಡುಗಳಿಂದ ಎಬ್ಬಿಸಿ ತಂದ ಜನ ನಾವು. ಜೀಪಿನಲ್ಲಿ ಬಂದವರು ‘ನಿಮ್ಮ ಒಳ್ಳೆಯದಕ್ಕೇ’ ಎಂದಾಗ ನಮ್ಮ ಹಿರಿಯರಿಗೆ ಮೊದಲು ಹುಟ್ಟುವುದು ಅನುಮಾನವೇ.

ಡಾಕ್ಟರಮ್ಮ ಇದನ್ನು ಅರ್ಥಮಾಡಿಕೊಂಡರು. ಅವರು ಮೊದಲ ಸಲ ಬಂದದ್ದು ಲಸಿಕೆಯ ಪೆಟ್ಟಿಗೆಯಿಲ್ಲದೆ, ನಡೆದುಕೊಂಡು. ಪೋಡಿನ ಯಜಮಾನರ ಮನೆಯ ಜಗಲಿಯ ಕೆಳಗೆ ದೂರದಲ್ಲಿ ಕುಳಿತು, ಯಜಮಾನರೂ ದೇವರ ಪೂಜೆ ಮಾಡುವ ತಮ್ಮಡಿಯೂ ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ಆಮೇಲೆ, ತಾವು ಲಸಿಕೆ ಹಾಕಿಸಿಕೊಂಡ ದಿನ ಮೈಕೈ ನೋವಿನಿಂದ ಮಲಗಿದ್ದನ್ನೂ ಮುಚ್ಚಿಡದೆ ಹೇಳಿ, ಬೇಡವೆನ್ನುವವರ ಮನೆಗೂ ಜ್ವರ ನೋಡಲು ತಪ್ಪದೆ ಬರುವುದಾಗಿ ಮಾತು ಕೊಟ್ಟರು. ಕೊಟ್ಟ ಮಾತಿನಂತೆ ಬಂದರು. ಹಲವು ಭೇಟಿಗಳ ಬಳಿಕ ಒಂದು ದಿನ ತಮ್ಮಡಿಯೇ ಮೊದಲಿಗರಾಗಿ ತೋಳು ಚಾಚಿದರು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ ಕಾಲದಲ್ಲಿಯೂ ಜನರ ನಂಬಿಕೆ ಇದೇ ಬಗೆಯ ತಾಳ್ಮೆಯಿಂದಲೇ ದಕ್ಕಿತೆಂದು ಹಿರಿಯರು ಹೇಳುವುದನ್ನು ನಾನು ಕೇಳಿ ಬಲ್ಲೆ.

ನನ್ನ ಅವ್ವನಿಗೂ ಕೋವಿಡ್ ಬಂತು. ಕೆಳಗಿನ ಆಸ್ಪತ್ರೆಗಳಲ್ಲಿ ಹಾಸಿಗೆಯಿಲ್ಲವೆಂಬ ಉತ್ತರ ಬಂದ ರಾತ್ರಿ ಅವ್ವನನ್ನು ಇಲ್ಲೇ ಉಳಿಸಿಕೊಳ್ಳಬೇಕಾಯಿತು. ಕಣ್ಣು ಬಿಟ್ಟು ಮೈತುಂಬ ಬಿಳಿಯ ಉಡುಪು ಮುಚ್ಚಿದವರನ್ನು ಕಂಡು ಅವ್ವ ಬೆದರಿ, ಮೂಗಿಗೆ ಹಾಕಿದ್ದ ಮಾಸ್ಕನ್ನು ಪದೇಪದೇ ಕಿತ್ತೆಸೆಯುತ್ತಿದ್ದರು. ಆಗ ಡಾಕ್ಟರಮ್ಮ ಹೊರಗೆ ಹೋಗಿ, ಮುಚ್ಚಿದ ಕಿಟಕಿಯ ಗಾಜಿನಾಚೆ ದೀಪದ ಕೆಳಗೆ ಬರಿಮುಖದಲ್ಲಿ ನಿಂತು ಅವ್ವನನ್ನು ನೋಡಿ ನಕ್ಕರು. ಅವ್ವ ನೋಡುತ್ತಿದ್ದಂತೆಯೇ ಮಾಸ್ಕ್, ಟೋಪಿ, ನಿಲುವಂಗಿ, ಕೈಗವಸು ಎಂದು ಒಂದೊಂದಾಗಿ ತೊಟ್ಟುಕೊಂಡು ಒಳಗೆ ಬಂದರು. ‘ನೀನಾ ಕೂಸು’ ಎಂದ ಅವ್ವ ಮತ್ತೆ ಮಾಸ್ಕಿಗೆ ಕೈ ಹಾಕಲಿಲ್ಲ.

ನಡುರಾತ್ರಿ ಮಳೆಗಾಳಿಗೆ ಕರೆಂಟು ಹೋಗಿ ಆಮ್ಲಜನಕದ ಯಂತ್ರ ನಿಂತಾಗ, ಉಳಿದಿದ್ದ ಒಂದೇ ಸಿಲಿಂಡರಿಗೆ ನಳಿಗೆ ಸೇರಿಸಿ, ಅವ್ವನನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ಕೈಯಿಟ್ಟು ಬೆಳಗಿನವರೆಗೂ ಅವರು ಪಕ್ಕದಲ್ಲೇ ಕುಳಿತಿದ್ದರು. ಆ ಉಡುಪು ತೊಟ್ಟವರು ನೀರು ಕುಡಿಯುವಂತಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ. ಬಾಗಿಲ ಹೊರಗೆ ಕುಳಿತಿದ್ದ ನನಗೆ ಆಗಾಗ ಆಕ್ಸಿಮೀಟರಿನ ಅಂಕಿಯನ್ನು ಕೂಗಿ ಹೇಳುತ್ತಿದ್ದರು. ಅಂಕಿ ಇಳಿದಾಗಲೂ ಇಳಿದಿದೆ ಎಂದೇ ಹೇಳಿದರು. ಆ ಪ್ರಾಮಾಣಿಕತೆಯೇ ಆ ರಾತ್ರಿ ನನಗೆ ಧೈರ್ಯ ಕೊಟ್ಟಿತು.

ನನ್ನ ದೊಡ್ಡಪ್ಪ ಉಳಿಯಲಿಲ್ಲ. ನಮ್ಮ ಸೋಲಿಗರ ಗೊರುಕನ ಹಾಡುಗಳನ್ನು ಇಡೀ ರಾತ್ರಿ ಹಾಡಬಲ್ಲವರಾಗಿದ್ದರು. ಅವರನ್ನು ಮಣ್ಣು ಮಾಡುವಾಗ ಹಾಡಲು ನಾಲ್ಕು ಜನ ಸೇರುವಂತಿರಲಿಲ್ಲ. ಆ ಸಂಕಟ ಇಂದಿಗೂ ಎದೆಯಲ್ಲಿ ಕುದಿಯುತ್ತದೆ, ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯುವುದಿಲ್ಲ. ದೊಡ್ಡಪ್ಪನ ಮನೆಗೆ ಡಾಕ್ಟರಮ್ಮ ಆಮೇಲೂ ಬರುತ್ತಿದ್ದರು. ಚಿಕಿತ್ಸೆಯ ಅಗತ್ಯವಿದ್ದವರು ಅಲ್ಲಿ ಯಾರೂ ಇರಲಿಲ್ಲ, ದೊಡ್ಡಮ್ಮನ ಜೊತೆ ಸ್ವಲ್ಪ ಹೊತ್ತು ಕುಳಿತು ಹೋಗುತ್ತಿದ್ದರು.

ಮನೆಮನೆಗೆ ಅಲೆದ ಆಶಾ ಕಾರ್ಯಕರ್ತೆಯರು, ಆನೆಯಿರುವ ದಾರಿಯಲ್ಲಿ ರಾತ್ರಿ ಗಾಡಿ ಓಡಿಸಿದ ಆಂಬುಲೆನ್ಸ್ ಚಾಲಕರು, ಹೊತ್ತಲ್ಲದ ಹೊತ್ತಿನಲ್ಲಿ ಗೇಟು ತೆರೆದ ಅರಣ್ಯ ಸಿಬ್ಬಂದಿ, ಅಕ್ಕಿ ರಾಗಿ ಹೊತ್ತು ತಂದ ಪೋಡಿನ ಹುಡುಗರು, ಇವರೆಲ್ಲರಿಗೂ ನಮ್ಮ ನಮಸ್ಕಾರ.

ಮೇಡಂ, ನೀವು ಪ್ರತಿ ಮನೆಯ ಕಾಯಿಲೆ, ಲಸಿಕೆ, ಸಿಕಲ್ ಸೆಲ್ ಎಂಬ ರಕ್ತದ ತೊಂದರೆಯಿರುವ ಮಕ್ಕಳ ವಿವರ ಬರೆದಿಟ್ಟ ಪುಸ್ತಕಗಳನ್ನು ನೀವೇ ತರಬೇತಿ ಕೊಟ್ಟ ನಮ್ಮ ಹುಡುಗಿಯರು ವಹಿಸಿಕೊಂಡಿದ್ದಾರೆ, ಅದರ ಚಿಂತೆ ನಿಮಗೆ ಬೇಡ. ಹೊಸ ರಾಗಿ ಬಂದ ಮೇಲೆ ನಡೆಯುವ ರೊಟ್ಟಿ ಹಬ್ಬಕ್ಕೆ ಎಲ್ಲಿದ್ದರೂ ರಜೆ ಹಾಕಿ ಬರಬೇಕೆಂದು ಯಜಮಾನರು ಹೇಳಿದ್ದಾರೆ. ಉಳಿದುಕೊಳ್ಳಲು ಬೇರೆಲ್ಲೂ ಕೇಳಬಾರದು, ತನ್ನ ಮನೆಗೇ ಬರಬೇಕು ಎಂಬುದು ಅವ್ವನ ಅಪ್ಪಣೆ.