ತೊಗಲುಗೊಂಬೆ ಹಿಡಿದು ಜಗತ್ತು ನೋಡಲಿ ನಮ್ಮ ಮಕ್ಕಳು: ಕೊಪ್ಪಳದ ಸರ್ಕಾರಿ ಶಾಲೆಗಳಿಗೆ ನೆರವಾಗಿ

ಸ್ನೇಹಿತರೇ,

ಕೊಪ್ಪಳ ತಾಲೂಕು ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ನೆನಪಿದೆ ಅಲ್ವಾ? ತೊಂಬತ್ತು ದಾಟಿದ ಅಜ್ಜಿ, ತೊಗಲುಗೊಂಬೆಗಳನ್ನು ಗಂಟು ಕಟ್ಟಿಕೊಂಡು ಹತ್ತಕ್ಕೂ ಹೆಚ್ಚು ದೇಶಗಳಲ್ಲಿ ಆಟ ಆಡಿಸಿ ಬಂದವರು. ಆದರೆ ಅದೇ ಜಿಲ್ಲೆಯ ಎಷ್ಟೋ ಮಕ್ಕಳು ಈ ಗೊಂಬೆಯನ್ನು ಮೊಬೈಲಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ನಮ್ಮ ಟ್ರಸ್ಟ್ ಕೊಪ್ಪಳದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಾಲ್ಕು, ಐದನೇ ತರಗತಿ ಮಕ್ಕಳಿಗೆ ತೊಗಲುಗೊಂಬೆಯಾಟ ಹೇಳಿಕೊಡುತ್ತಿದೆ. ಅದರ ಜೊತೆಗೇ ಬೇರೆ ದೇಶಗಳ ಪರಿಚಯ ಮಾಡಿಸುತ್ತಿದೆ.

ಗೊಂಬೆಗೂ ಬೇರೆ ದೇಶಕ್ಕೂ ಏನು ಸಂಬಂಧ ಅಂತ ತುಂಬಾ ಜನ ಕೇಳುತ್ತಾರೆ. ಸಂಬಂಧ ಬಹಳ ಇದೆ. ಇಂಡೋನೇಷ್ಯಾದ ಜಾವಾದಲ್ಲಿ ಎಮ್ಮೆ ಚರ್ಮದ ಗೊಂಬೆಗಳ ವಯಾಂಗ್ ಕುಲಿತ್ ಅನ್ನುವ ನೆರಳಾಟ ಇದೆ. ದಲಾಂಗ್ ಅನ್ನುವ ಒಬ್ಬನೇ ಆಟಗಾರ ರಾತ್ರಿಯಿಡೀ ಕೂತು ಎಲ್ಲ ಗೊಂಬೆಗಳನ್ನೂ ಆಡಿಸಿ, ಎಲ್ಲ ಪಾತ್ರಗಳಿಗೂ ತಾನೇ ದನಿ ಕೊಡುತ್ತಾನೆ. ಅವನ ಪರದೆಯ ಮೇಲೂ ಭೀಮ, ಅರ್ಜುನ ಬರುತ್ತಾರೆ. ಇದನ್ನು ಹೇಳಿದಾಗ ಐದನೇ ತರಗತಿಯ ಹುಡುಗಿಯೊಬ್ಬಳು “ಅರ್ಜುನ ಅಲ್ಲೀತನಾ ಹೋಗ್ಯಾನೇನ್ರಿ ಸರ?” ಅಂದಳು. ಆಮೇಲೆ ಭೂಪಟದಲ್ಲಿ ಜಾವಾ ಹುಡುಕೋಕೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಅಲ್ಲಿ ಹೆಚ್ಚಿನವರು ಮುಸ್ಲಿಮರು, ಆದರೂ ಮಹಾಭಾರತದ ಆಟ ಅವರ ಮನೆಯ ಆಟ ಅನ್ನೋದು ಮಕ್ಕಳಿಗೆ ಗೊತ್ತಾಗಬೇಕು. ಇದಕ್ಕಿಂತ ದೊಡ್ಡ ಸಮಾಜ ಪಾಠ ನನಗೆ ಕಾಣುವುದಿಲ್ಲ.

ಟರ್ಕಿಯಲ್ಲಿ ಕರಗೋಜ್ ಅನ್ನುವ ನೆರಳಾಟದ ಗೊಂಬೆಗಳನ್ನು ಒಂಟೆ ಚರ್ಮದಿಂದ ಮಾಡುತ್ತಾರೆ. ಆಟದ ನಾಯಕನ ಹೆಸರೂ ಕರಗೋಜ್, ಓದು ಬರಹ ಇಲ್ಲದ ಸಾಮಾನ್ಯ ಮನುಷ್ಯ, ಅವನ ಗೆಳೆಯ ಹಜೀವತ್ ಓದಿಕೊಂಡವನು. ಇಬ್ಬರಿಗೂ ಸದಾ ಜಗಳ. ಜಾವಾದಲ್ಲಿ ಡೊಳ್ಳುಹೊಟ್ಟೆಯ ಸೆಮಾರ್ ಇದ್ದಾನೆ, ರಾಜಕುಮಾರರಿಗೇ ಬುದ್ಧಿ ಹೇಳುತ್ತಾನೆ. ನಮ್ಮ ಗೊಂಬೆಯಾಟದಲ್ಲಿ ನಗಿಸೋಕೆ ಕಿಳ್ಳೇಕ್ಯಾತ, ಬಂಗಾರಕ್ಕ ಇಲ್ವಾ? ಹಾಗೇ. ಎಲ್ಲ ಕಡೆಯೂ ದೊಡ್ಡವರ ಕಥೆಯ ನಡುವೆ ನುಗ್ಗಿ ಊರವರ ಮಾತಲ್ಲಿ ನಗಿಸುವವನೊಬ್ಬ ಇದ್ದೇ ಇರುತ್ತಾನೆ. ಕರಗೋಜ್, ಸೆಮಾರ್, ಕಿಳ್ಳೇಕ್ಯಾತ ಮೂವರನ್ನೂ ಒಂದೇ ಪರದೆ ಮೇಲೆ ಭೇಟಿ ಮಾಡಿಸಿ ಅಂದರೆ ಸಾಕು, ಮಾತು ಮಕ್ಕಳೇ ಕಟ್ಟುತ್ತಾರೆ.

ತರಗತಿಯಲ್ಲಿ ನಾವು ಚರ್ಮ ಬಳಸುವುದಿಲ್ಲ. ಡ್ರಾಯಿಂಗ್ ಶೀಟಿನಲ್ಲಿ ಗೊಂಬೆ ಬರೆದು, ಬಣ್ಣ ತುಂಬಿ, ಕತ್ತರಿಸಿ, ಮೇಲೆ ಕೊಬ್ಬರಿ ಎಣ್ಣೆ ಸವರುತ್ತೇವೆ. ಆಗ ಹಾಳೆಯಲ್ಲಿ ಬೆಳಕು ಹಾಯುತ್ತದೆ. ಕೈ, ಮೊಣಕೈ ಬೇರೆ ಬೇರೆ ಕತ್ತರಿಸಿ ದಾರದ ಗಂಟು ಹಾಕಿದರೆ ಆಡುತ್ತವೆ, ಹಿಡಿಯೋಕೆ ಬಿದಿರು ಕಡ್ಡಿ. ಕಿಟಕಿಗೆ ಗೋಣಿಚೀಲ, ಬಾಗಿಲಿಗೆ ಬಿಳಿ ಪಂಚೆ, ಹಿಂದೆ ಒಂದು ಬಲ್ಬು. ಗೊಂಬೆ ಪಂಚೆಗೆ ಒತ್ತಿದ್ದರೆ ಗೆರೆ ಸ್ಪಷ್ಟ, ಬಲ್ಬಿನ ಕಡೆ ಎಳೆದರೆ ರಾಕ್ಷಸನಷ್ಟು ದೊಡ್ಡದಾಗಿ ಮಸುಕಾಗುತ್ತದೆ. ನೆರಳಿನ ಪಾಠ ಅಲ್ಲೇ ಮುಗಿಯಿತು.

ಇನ್ನು ದುಡ್ಡಿನ ವಿಷಯ. ಸಾಮಾನಿಗೆ ಜಾಸ್ತಿ ಖರ್ಚಿಲ್ಲ. ದೊಡ್ಡ ಪಾಲು ಹೋಗುವುದು ತಲೆತಲಾಂತರದಿಂದ ಗೊಂಬೆ ಆಡಿಸುವ ಶಿಳ್ಳೇಕ್ಯಾತ ಕುಟುಂಬಗಳ ಕಲಾವಿದರ ಸಂಭಾವನೆಗೆ, ಅದು ಹಾಗೇ ಇರಬೇಕು. ಅವರನ್ನು ಶಾಲೆಗೆ ಕರೆಸಿ ಶಾಲು ಹೊದಿಸಿ ಸುಮ್ನೆ ಕಳಿಸುವುದು ನಮಗೆ ಇಷ್ಟವಿಲ್ಲ. ಒಂದು ದಿನ ಕಲಿಸಿದರೆ ಒಬ್ಬರಿಗೆ 1,500 ರೂಪಾಯಿ ಮತ್ತು ಬಸ್ ಚಾರ್ಜು ಕೊಡುತ್ತೇವೆ. ಒಂದು ಶಾಲೆಗೆ ವರ್ಷಕ್ಕೆ 24,000 ರೂಪಾಯಿ ಬೇಕು. ನೀವು 300 ಕೊಟ್ಟರೂ ಸಂತೋಷ, ಒಂದು ಶಾಲೆಯ ಹೊಣೆ ಪೂರ್ತಿ ಹೊತ್ತರೆ ಇನ್ನೂ ಸಂತೋಷ. ನಿಮ್ಮೂರಿನ ಶಾಲೆಯೇ ಆಗಬೇಕಂದ್ರೆ ಹೆಸರು ಹೇಳಿ, ಮುಖ್ಯ ಶಿಕ್ಷಕರ ಹತ್ತಿರ ನಾವು ಮಾತಾಡುತ್ತೇವೆ.

ಯುಪಿಐ, ಚೆಕ್ಕು, ನಗದು ಯಾವುದಾದರೂ ಸರಿ. ರಸೀದಿ ತಪ್ಪದೆ ಕೇಳಿ ಪಡೆಯಿರಿ. ಇಂಡೋನೇಷ್ಯಾದಲ್ಲೋ ಟರ್ಕಿಯಲ್ಲೋ ಇರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಅರ್ಧ ಗಂಟೆ ವಿಡಿಯೋ ಕಾಲ್‌ನಲ್ಲಿ ಬನ್ನಿ, ಅಲ್ಲಿನ ಮಕ್ಕಳು ಶಾಲೆಗೆ ಏನು ಬುತ್ತಿ ಒಯ್ಯುತ್ತಾರೆ, ಯಾವ ಆಟ ಆಡುತ್ತಾರೆ ಅಂತ ನಮ್ಮ ಮಕ್ಕಳಿಗೆ ಕನ್ನಡದಲ್ಲೇ ಹೇಳಿ.