ಹಳೆಯ ಯೆಜ್ಡಿ ಹೊಸದಾಗಿ ಕೊಂಡವರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ.

1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚುವ ಮೊದಲು ತಯಾರಾದ ಯೆಜ್ಡಿ ಬೈಕುಗಳನ್ನು ಈಚೆಗೆ ಕೊಂಡಿರುವವರಿಗಾಗಿ ಈ ಭಾನುವಾರ ಬೆಳಿಗ್ಗೆ 8 ಗಂಟೆಗೆ ನಮ್ಮ ಎಂದಿನ ಶೆಡ್ಡಿನಲ್ಲಿ ತಪಾಸಣೆ ಇಟ್ಟುಕೊಂಡಿದ್ದೇವೆ.

ಟೂ ಸ್ಟ್ರೋಕ್ ಎಂಜಿನ್ನಾದ್ದರಿಂದ ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಪಿಸ್ಟನ್ನಿಗೆ ಆಧಾರ. ಲೀಟರಿಗೆ 40 ಮಿ.ಲೀ. ಅಳೆದೇ ಹಾಕಿರಿ. ಹೊಸತರಲ್ಲಿ ನಾನು ಅಂದಾಜಿನ ಮೇಲೆ ಸುರಿದು, ಏರಿನಲ್ಲಿ ಪಿಸ್ಟನ್ ಜಾಮ್ ಆಗಿ, ಗಾಡಿಯನ್ನು ಮನೆಯವರೆಗೂ ತಳ್ಳಿದ್ದೇನೆ.

ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದಿದ್ದರೆ, ಕಾರ್ಬುರೇಟರಿಗೆ ಕೈಹಾಕುವ ಮುನ್ನ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿರಿ: ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಒದ್ದೆಯಾಗಿ ಕಪ್ಪು ಜಿಗುಟು ಹತ್ತಿದ್ದರೆ ಅದನ್ನು ಉಜ್ಜಿ, ಕಿಡಿ ಬರುವುದೇ ಎಂದು ನೋಡಿ, ಬಾರದಿದ್ದರೆ ಪಾಯಿಂಟಿನ (ಕಿಡಿಗಾಗಿ ತೆರೆದು ಮುಚ್ಚುವ ಸ್ವಿಚ್ಚಿನ) ಅಂತರ 0.4 ಮಿ.ಮೀ. ಇದೆಯೇ ಎಂದು ಪರೀಕ್ಷಿಸಿರಿ.

6 ವೋಲ್ಟಿನ ಗಾಡಿಗೆ 12 ವೋಲ್ಟಿನ ಹಾರ್ನ್, ಫಾಗ್ ಲೈಟ್ ಕೊಳ್ಳಬೇಡಿರಿ. ಅಂದಕ್ಕಿಂತ ಮೊದಲು ಬ್ರೇಕ್ ಶೂ, ಕ್ಲಚ್ ಕೇಬಲ್ ಬದಲಾಯಿಸುವುದು ಮೇಲು.

ಆರ್‌ಸಿ ಅವಧಿ ಮುಗಿದಿದೆಯೇ ಎಂಬುದನ್ನೂ ಗಮನಿಸಿರಿ.

ಬರುವವರು ದಯವಿಟ್ಟು ಶುಕ್ರವಾರ ಸಂಜೆಯೊಳಗೆ ಗಾಡಿಯ ಮಾಡೆಲ್, ವರ್ಷ ಮತ್ತು ತೊಂದರೆಯನ್ನು ಇಲ್ಲಿಯೇ ತಿಳಿಸಬೇಕಾಗಿ ವಿನಂತಿ. ಫೀಲರ್ ಗೇಜ್ (ಪಾಯಿಂಟಿನ ಅಂತರ ಅಳೆಯುವ ತೆಳು ಪಟ್ಟಿಗಳು) ಇರುವವರು ಜೊತೆಗೆ ತಂದರೆ ಉಪಕಾರವಾಗುತ್ತದೆ.